ಚೀಟಿಯಣ್ಣ ಒಪ್ಪಿಕೊಂಡ ತಪ್ಪುಗಳು

ಆ ದಿನದ ಅವಾಂತರಕ್ಕೆಲ್ಲ ಕಾರಣ ಲಾಂಡ್ರಿಯ ಯಜಮಾನಿ ಬೆಳಿಗ್ಗೆ ಕೇಳಿದ ಒಂದೇ ಒಂದು ಪ್ರಶ್ನೆ.

"ಇಬ್ಬರು ಮೇಲ್ವಿಚಾರಕರ ಕೈಕೆಳಗೆ ದುಡಿದಿದ್ದೀರಿ. ಒಬ್ಬ ಒಳ್ಳೆಯವನು, ಒಬ್ಬ ಕೆಟ್ಟವನು. ಅವರಿಂದ ಏನು ಕಲಿತ್ರಿ? ಬಾಯಲ್ಲಿ ಹೇಳ್ಬೇಡಿ, ಕೆಲಸದಲ್ಲಿ ತೋರಿಸಿ. ಖಾಲಿ ಕುರ್ಚಿ ಯಾರಿಗೆ ಅಂತ ಸಂಜೆ ಹೇಳ್ತೀನಿ."

ಇಷ್ಟು ಹೇಳಿ ಆಕೆ ಮೂಲೆಯಲ್ಲಿ ಕೂತು ಬೂದು ಬಣ್ಣದ ಉಣ್ಣೆ ಹೆಣೆಯತೊಡಗಿದರು.

ಮೇಲ್ವಿಚಾರಕನ ಆ ಕುರ್ಚಿಯ ಮೇಲೆ ಇಬ್ಬರ ಕಣ್ಣಿತ್ತು. ಒಬ್ಬ ಇಸ್ತ್ರಿಯವನು. ಇನ್ನೊಬ್ಬ ಚೀಟಿಯಣ್ಣ, ಅಂದರೆ ಮುಂದಿನ ಕಟ್ಟೆಯ ಹಿಂದೆ ನಿಂತು ಗಿರಾಕಿಗಳ ಬಟ್ಟೆಗೆ ಗುರುತಿನ ಚೀಟಿ ಕಟ್ಟುವವನು. ಪಾಪ, ನಿಂತೂ ನಿಂತೂ ಅವನ ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿದ್ದವು. ಅವನಿಗೆ ಅಧಿಕಾರದ ಆಸೆಗಿಂತ ಕೂರುವ ಆಸೆಯೇ ದೊಡ್ಡದು. ಅವನ ಹೆಂಡತಿಯೋ ಆಗಲೇ ಬೀದಿಗೆಲ್ಲ ಸುದ್ದಿ ಹಂಚಿದ್ದಳು. "ಕುರ್ಚಿ ಸಿಗ್ಲಿಲ್ಲಾಂದ್ರೆ ಪಕ್ಕದ ಮನೆಯವಳ ಎದುರು ನಾನು ಹೇಗ್ರೀ ತಲೆ ಎತ್ಲಿ?" ಎಂದು ಬಾಗಿಲವರೆಗೂ ಬಂದು ಹೇಳಿ ಕಳಿಸಿದ್ದಳು.

ಹಿಂದಿನ ಮೇಲ್ವಿಚಾರಕರಲ್ಲಿ ಮೊದಲನೆಯವರನ್ನು ಎಲ್ಲರೂ ದೊಡ್ಡಪ್ಪ ಎನ್ನುತ್ತಿದ್ದರು. ಯಾರು ಏನೇ ಕೆಡಿಸಲಿ, ಗಿರಾಕಿಯ ಮುಂದೆ "ತಪ್ಪು ನಂದು" ಅನ್ನುವರು. ಗಿರಾಕಿ ಹೋದ ಮೇಲೆ ಪರದೆಯ ಹಿಂದೆ ಕರೆದು, "ಹೇಗಾಯ್ತಪ್ಪಾ ಇದು?" ಎಂದು ಮೆಲ್ಲಗೆ ಕೇಳುವರು. ಎರಡನೆಯವನ ಅಡ್ಡಹೆಸರು ಸಿಡಿಗುಂಡು. "ಯಾರೋ ಮಾಡಿದ್ದು?" ಎಂದು ಕೂಗುವ ಹೊತ್ತಿಗೆ ಅವನ ಬೆರಳು ಯಾರದೋ ಮೂಗಿನ ತುದಿಯಲ್ಲಿರುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಪೈಕಿ.

ಬಾಗಿಲು ತೆರೆದು ಸ್ವಲ್ಪ ಹೊತ್ತಿಗೇ ಡಾಕ್ಟರು ಬಂದರು. ಅವರ ಬಿಳಿ ಕೋಟಿನ ಬೆನ್ನಿನ ಮೇಲೆ ಇಸ್ತ್ರಿ ಪೆಟ್ಟಿಗೆಯ ಅಚ್ಚು ಕಂದಾಗಿ ಕೂತಿತ್ತು.

"ಏನ್ರೀ ಇದು?"

ಇಸ್ತ್ರಿಯವನು ಥಟ್ಟನೆ, "ಬಟ್ಟೇನೇ ಸರಿ ಇರ್ಲಿಲ್ಲ ಸಾರ್. ಇಲ್ಲಾ ಚೀಟಿ ಕಟ್ಟುವಾಗ್ಲೇ ಏನೋ ಆಗಿರ್ಬೇಕು" ಅಂದ.

ಚೀಟಿಯಣ್ಣನ ನಾಲಿಗೆ ತುರಿಸಿತು. ಆದರೆ ದೊಡ್ಡಪ್ಪ ನೆನಪಾದರು. "ತಪ್ಪು ನಂದು ಸಾರ್. ನಾನು ನೋಡ್ಕೋಬೇಕಿತ್ತು" ಅಂದ.

ಜಗಳಕ್ಕೆಂದೇ ಬಂದಿದ್ದ ಡಾಕ್ಟರಿಗೆ ಏನು ಮಾಡಬೇಕೋ ತೋಚಲಿಲ್ಲ. "ಇರ್ಲಿ ಬಿಡ್ರೀ, ಹಳೇ ಕೋಟು" ಎನ್ನುತ್ತಾ ಇನ್ನೆರಡು ಅಂಗಿ ಒಗೆಯಲು ಕೊಟ್ಟು ಹೋದರು. ಮೂಲೆಯಲ್ಲಿ ಹೆಣಿಗೆ ನಿಂತಿತು. ಯಜಮಾನಿ ಚೀಟಿಯಣ್ಣನ ಮುಖ ನೋಡಲಿಲ್ಲ, ಕಾಲು ನೋಡಿದರು. ಚಪ್ಪಲಿ ಹರಿದಿದೆಯೋ ಎಂದು ಅವನೂ ಬಗ್ಗಿ ನೋಡಿಕೊಂಡ. ಏನೂ ಆಗಿರಲಿಲ್ಲ. ಮತ್ತೇನು ನೋಡಿದರು ಇವರು?

ಅಷ್ಟರಲ್ಲಿ ಒಳಗಿನಿಂದ ಬಟ್ಟೆ ಒಗೆಯುವ ನೊರೆಯಕ್ಕ ಓಡಿ ಬಂದಳು. ಯಾರದೋ ಕೆಂಪು ಪರದೆ ಹೋಟೆಲಿನವರ ಬಿಳಿ ಅಂಗಿಗಳ ಜೊತೆ ಮೆಷಿನ್ನಿಗೆ ಬಿದ್ದಿತ್ತು. ಅಂಗಿಗಳೆಲ್ಲ ಗುಲಾಬಿ! "ಅಣ್ಣಾ, ಇದೂ ನಿಂದೇ ತಪ್ಪು ಅಂತ ಹೇಳ್ತೀಯಾ?" ಎಂದು ಪಿಸುಗುಟ್ಟಿದಳು. ಹೇಳಿದ. ಹೋಟೆಲಿನ ಮುಖ್ಯ ಅಡಿಗೆಯವನು ಮೀಸೆ ಕುಣಿಸುತ್ತಾ ಬಂದವನು, ಹೋಗುವಾಗ ಗುಲಾಬಿ ಅಂಗಿ ಮೈಮೇಲೆ ಹಿಡಿದು ಕನ್ನಡಿ ನೋಡಿಕೊಂಡು ಹೋದ.

ಚೀಟಿಯಣ್ಣನಿಗೇ ಸೋಜಿಗವಾಯಿತು. ಈ ಮಾತಿನಲ್ಲಿ ಅದೆಂಥ ಮಾಟವಿದೆ? ಇನ್ನೂ ಎಲ್ಲೆಲ್ಲಿ ನಡೆಯುತ್ತದೋ ನೋಡೋಣ ಅನ್ನಿಸಿತು. ಊರಿಗೂ ಅಷ್ಟರಲ್ಲಿ ಗೊತ್ತಾಗಿತ್ತು. ಕಳೆದ ಗುಂಡಿ, ಕುಗ್ಗಿದ ಸ್ವೆಟರು, ಅದಲುಬದಲಾದ ಗಂಟು, ಎಲ್ಲವೂ ಅವನ ತಲೆಗೇ ಬಂದವು. ಪಕ್ಕದಂಗಡಿಯ ಕ್ಷೌರಿಕ ಕೂಡ ಬಂದ.

"ನನ್ನ ಬಕೆಟ್ಟು ಯಾರೋ ಉರುಳಿಸಿದ್ದಾರೆ. ತಪ್ಪು ನಿಂದೇ ಇರ್ಬೇಕಲ್ಲ?"

"ಹೂಂ, ತಪ್ಪು ನಂದು."

"ಅಯ್ಯೋ ಮಾರಾಯ, ಉರುಳಿಸಿದ್ದು ನಾಯಿ. ನೀನು ಹೇಳ್ತೀಯೋ ಇಲ್ವೋ ಅಂತ ಪರೀಕ್ಷೆ ಮಾಡ್ದೆ!"

ಎಲ್ಲರೂ ಗೊಳ್ಳೆಂದರು. ಯಜಮಾನಿ ಮಾತ್ರ ನಗದೆ ಮತ್ತೊಮ್ಮೆ ಅವನ ಕಾಲು ನೋಡಿ ಸರಸರ ಹೆಣೆದರು. ಎಲ್ಲವನ್ನೂ ಕಂಡಿದ್ದಾರಲ್ಲ, ಕುರ್ಚಿ ತನ್ನದೇ ಎಂದು ಚೀಟಿಯಣ್ಣ ನೋಯುವ ಮೊಣಕಾಲಿಗೆ ಸಮಾಧಾನ ಹೇಳಿದ.

ಸಂಜೆ ಯಜಮಾನಿ ಎದ್ದು ನಿಂತರು. "ಮೇಲ್ವಿಚಾರಕ, ನಮ್ಮ ಇಸ್ತ್ರಿಯವನು."

ಚೀಟಿಯಣ್ಣ ಕಟ್ಟೆ ಬಿಟ್ಟು ಮುಂದೆ ಬಂದ. "ಅಮ್ಮಾ, ಕೋಟು ಸುಟ್ಟಿದ್ದು ಅವನು..."

"ಗೊತ್ತು ಕಣಪ್ಪಾ. ಅದಕ್ಕೇ ಇಸ್ತ್ರಿ ಪೆಟ್ಟಿಗೆಯಿಂದ ದೂರ ಕೂರಿಸ್ತಿದ್ದೀನಿ. ಬಟ್ಟೆನಾದ್ರೂ ಉಳೀಲಿ."

"ಮತ್ತೆ ನಾನು?"

"ನಿನ್ನನ್ನ ಒಳಗೆ ಕೂರಿಸಿದ್ರೆ ಹೊರಗೆ ನಿಂತು ತಪ್ಪು ಒಪ್ಪಿಕೊಳ್ಳೋರು ಯಾರು? ಇವತ್ತು ಜಗಳಕ್ಕೆ ಬಂದ ಒಬ್ಬ ಗಿರಾಕಿನೂ ಬಿಟ್ಟು ಹೋಗ್ಲಿಲ್ಲ. ಆ ಜಾಗ ಬಿಟ್ಟು ನೀನು ಎಲ್ಲೂ ಹೋಗಕೂಡ್ದು. ಡಾಕ್ಟರು ಬಂದು ಹೋದಾಗ್ಲೇ ತೀರ್ಮಾನ ಮಾಡಿ ನಿನ್ನ ಕಾಲಿನ ಅಳತೆ ತಗೊಂಡೆ." ಆಕೆ ಚೀಲದಿಂದ ಬೆಳಗಿನಿಂದ ಹೆಣೆದದ್ದನ್ನು ತೆಗೆದು ಅವನ ಕೈಗಿಟ್ಟರು. ಮೊಣಕಾಲಿನವರೆಗೆ ಬರುವ ಉಣ್ಣೆಯ ಕಾಲುಚೀಲ. "ದಿನವಿಡೀ ನಿಲ್ಲೋ ಕಾಲು, ಬೆಚ್ಚಗಿರ್ಲಿ. ಇನ್ನೊಂದು ನಾಳೆ ಮುಗಿಸ್ತೀನಿ."

ಇಸ್ತ್ರಿಯವನು ಆಗಲೇ ಕುರ್ಚಿಯಲ್ಲಿ ಕೂತು ಕಾಲು ಚಾಚಿದ್ದ. "ಬೇಜಾರು ಮಾಡ್ಕೋಬೇಡಪ್ಪ. ನೀನು ದೊಡ್ಡಪ್ಪನ ಹತ್ರ ಕಲಿತೆ, ನಾನು ಸಿಡಿಗುಂಡಿನ ಹತ್ರ ಕಲಿತೆ. ಮನುಷ್ಯ ಕೆಟ್ಟವನಾದ್ರೂ ಪಾಠ ಚೆನ್ನಾಗಿತ್ತು."

ಚೀಟಿಯಣ್ಣ ಕುಂಟುತ್ತಾ ಮನೆ ಸೇರಿದಾಗ ಹೆಂಡತಿ, ಪಕ್ಕದ ಮನೆಯವಳು ಇಬ್ಬರೂ ಬಾಗಿಲಲ್ಲೇ ಕಾದಿದ್ದರು. ಅವನ ಕೈಯಲ್ಲಿದ್ದ ಒಂಟಿ ಕಾಲುಚೀಲವನ್ನು ಹೆಂಡತಿ ತಿರುಗಿಸಿ ಮುರುಗಿಸಿ ನೋಡಿದಳು.

"ಕುರ್ಚಿ ಎಲ್ರೀ? ಹೋಗ್ಲಿ, ಇದರ ಜೋಡಿನಾದ್ರೂ ಎಲ್ಲಿ?"

ಚೀಟಿಯಣ್ಣ ಅಭ್ಯಾಸಬಲದಿಂದ, "ತಪ್ಪು ನಂದು ಕಣೇ" ಅಂದ.

ದಿನವೆಲ್ಲ ಆ ಮಾತಿಗೆ ಡಾಕ್ಟರು ಕರಗಿದ್ದರು, ಮೀಸೆಯ ಅಡಿಗೆಯವನೂ ಕರಗಿದ್ದ. ಹೆಂಡತಿ ಮಾತ್ರ ಸೊಂಟಕ್ಕೆ ಕೈಯಿಟ್ಟು, "ಮತ್ತಿನ್ಯಾರದು?" ಅಂದಳು.