ಸಾಹೇಬ್ರ, ನೀವು ಎಷ್ಟಕ್ಕ ಹೋಗ್ತೀರಿ?

ನಮ್ಮ ಯಜಮಾನರು ಒಂದು ವಿಶ್ವವಿದ್ಯಾಲಯದ ಡಾಕ್ಟರುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಬುದ್ಧಿ ಕಲಿಸಿದವರು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ನಾನೇ ಇನ್ನೂ ಪೂರ್ತಿ ನಂಬಿಲ್ಲ. ಅವರು ಓದಿದ್ದು ಎರಡನೇ ಇಯತ್ತೆ, ಅದೂ ಮಾಸ್ತರರಿಗೆ ಬೇಸರ ಬರುವ ತನಕ. ನಾನು ಅಷ್ಟೂ ಇಲ್ಲ, ಬಸ್ಸಿನ ಬೋರ್ಡು ನೋಡಿ ನೋಡಿ ಅಕ್ಷರ ಕಲಿತವಳು. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂದು ತಪ್ಪಿಲ್ಲದೆ ಬರೆಯುತ್ತೇನೆ, ಉಳಿದದ್ದಕ್ಕೆ ದೇವರಿದ್ದಾನೆ. ಗಂಡನ ಹೆಸರೂ ಬರೆಯಲು ಬರುತ್ತದೆ. ಬರೆಯುವುದಿಲ್ಲ. ನಮ್ಮ ಕಾಲದವರು ಬರೆಯುವುದಿಲ್ಲ, ಅಷ್ಟೆ.

ಗಂಗಾವತಿಯ ಒಂದು ಅಕ್ಕಿ ಗಿರಣಿಯ ಅಂಗಳದಲ್ಲಿ ಭತ್ತದ ಟ್ರ್ಯಾಕ್ಟರು, ಲಾರಿಗಳನ್ನು ನಿಲ್ಲಿಸುವುದೇ ಇವರ ಜೀವಮಾನದ ಕೆಲಸ. ಸುಗ್ಗಿಯಲ್ಲಿ ಕಾಲಿಡಲು ಜಾಗವಿಲ್ಲದ ಅಂಗಳದಲ್ಲಿ ಇನ್ನೂ ನಾಲ್ಕು ಲಾರಿ ತುರುಕಿ, ಒಂದಕ್ಕೊಂದು ತಾಗದಂತೆ ಹೊರಗೆ ಕಳಿಸುವ ಗಂಡಸು. ಆದರೆ ಸ್ವತಃ ಸೈಕಲ್ ಹತ್ತಲು ಬಾರದು! ಸೈಕಲ್ ಇದೆ, ಜೊತೆಗೆ ನಡೆಸಿಕೊಂಡು ಹೋಗುತ್ತಾರೆ.

ಗಿರಣಿ ಬಿಟ್ಟರೂ ಚಟ ಬಿಡಬೇಕಲ್ಲ? ಮನೆಯಲ್ಲಿ ಚಪ್ಪಲಿಗಳಿಗೂ ಸಾಲು: ಮೊದಲು ಹೊರಗೆ ಹೋಗುವವರದು ಬಾಗಿಲ ಕಡೆ, ಆಮೇಲೆ ಹೋಗುವವರದು ಗೋಡೆ ಕಡೆ. ಬೀಗರ ಮನೆಯ ಮದುವೆಯಲ್ಲಿ ಊಟಕ್ಕೂ ಕೂರದೆ ನೂರಾರು ಜನರ ಚಪ್ಪಲಿ ಸಾಲಾಗಿ ಹಚ್ಚತೊಡಗಿದರು. ಚಪ್ಪಲಿ ಕಳ್ಳನೆಂದು ಹಿಡಿದು ಕೂರಿಸಿದರು! ಬಿಡಿಸಿಕೊಂಡು ಬರಲು ನಾನು ಹೋದೆ. "ಇವರು ನಿಮ್ಮವರೇನ್ರಿ?" ಎಂದು ಕೇಳಿದರು. ಒಂದು ಗಳಿಗೆ ವಿಚಾರ ಮಾಡಿಯೇ ಹೌದು ಎಂದೆ.

ಇಂಥವರು ನಮ್ಮೂರ ಹತ್ತಿರದ ವಿಶ್ವವಿದ್ಯಾಲಯಕ್ಕೆ ಕಾವಲುಗಾರರಾಗಿ ಸೇರಿದರು. ನಾನು ಅಲ್ಲೇ ಒಳಗೆ ಬಂಡಿಯಲ್ಲಿ ಮಿರ್ಚಿ, ಮಂಡಕ್ಕಿ ಮಾರುತ್ತಿದ್ದೆ. ಆಫೀಸಿನ ಮುಂದೆ ಒಂದು ದೊಡ್ಡ ಬೇವಿನ ಮರ. ಇಡೀ ಆವರಣಕ್ಕೆ ಇದ್ದದ್ದು ಅದೊಂದೇ ದೊಡ್ಡ ನೆರಳು. ಕೊಪ್ಪಳದ ಬಿಸಿಲು ನಿಮಗೆ ಗೊತ್ತಲ್ಲ? ಕಾರು, ಬೈಕು, ಸ್ಕೂಟರು, ಎಲ್ಲವೂ ಆ ಮರದ ಕೆಳಗೇ ಬಂದು ಕುರಿಹಿಂಡಿನಂತೆ ಮುಖಕ್ಕೆ ಮುಖ ಹಚ್ಚಿ ನಿಲ್ಲುತ್ತಿದ್ದವು. ನನ್ನ ಬಂಡಿಯೂ ಅಲ್ಲೇ. ಮತ್ತೆಲ್ಲಿ ನಿಲ್ಲಲಿ?

ಆದರೆ ಬಸ್ಸು ಒಳಗೆ ಬಂದರೆ ತಿರುಗಿ ಹೊರಳಬೇಕಾದ ಜಾಗವೂ ಅದೇ! ಜಾಗವಿಲ್ಲವೆಂದು ಬಸ್ಸು ದೊಡ್ಡ ರಸ್ತೆಯಲ್ಲೇ ಇಳಿಸಿ ಹೋಗುತ್ತಿತ್ತು. ಕುಷ್ಟಗಿ, ಯಲಬುರ್ಗಾ ಕಡೆಯ ಹುಡುಗಿಯರು ಅಲ್ಲಿಂದ ಎರಡು ಮೈಲಿ ಬಿಸಿಲಲ್ಲಿ ನಡೆಯಬೇಕು. ಒಂದು ದಿನ ಯಲಬುರ್ಗಾ ಕಡೆಯ ಹುಡುಗಿಯೊಬ್ಬಳು ದಾರಿಯಲ್ಲೇ ಕಣ್ಣು ಕತ್ತಲೆ ಬಂದು ಬಿದ್ದಳು. ಮರುದಿನ ಅವಳಪ್ಪ ಹೆಸರು ತೆಗೆಸಲು ಬಂದ.

"ಓದೂದು ಸಾಕ್ರಿ. ಮಗಳು ಉಳಿದ್ರ ಸಾಕು," ಎಂದ.

ಹುಡುಗಿ ಗೇಟು ಹಿಡಿದು ನಿಂತಳು, ಬಿಡಲೊಲ್ಲಳು. ನಮ್ಮವರು ನಡುವೆ ಬಾಯಿ ಹಾಕಿದರು. "ಬರೂ ಸೋಮವಾರದ ತನಕ ತಡೀರಿ. ಬಸ್ಸು ನಿಮ್ಮ ಮಗಳನ್ನ ಆಫೀಸ್ ಬಾಗಲದಾಗ ಇಳಸ್ತೈತಿ. ಇಳಸ್ಲಿಲ್ಲಂದ್ರ ಕರಕೊಂಡು ಹೋಗ್ರಿ, ನಾ ಏನೂ ಅನ್ನೂದಿಲ್ಲ."

ಯಾರನ್ನು ಕೇಳಿ ಮಾತು ಕೊಟ್ಟರು? ಯಾರನ್ನೂ ಇಲ್ಲ! ಆಮೇಲೆ ಸೈಕಲ್ ನಡೆಸಿಕೊಂಡು ಡಿಪೋಕ್ಕೆ ಹೋದರು. ಅಲ್ಲಿಯ ಸಾಹೇಬರು, ಸೋಮವಾರ ಒಮ್ಮೆ ಬಸ್ಸು ಕಳಿಸುತ್ತೇವೆ, ಹಿಂದಕ್ಕೆ ತೆಗೆಯದೆ ಒಂದೇ ಸುತ್ತಿಗೆ ಹೊರಳಿದರೆ ದಿನಾ ಬರುತ್ತದೆ, ಇಲ್ಲದಿದ್ದರೆ ಮತ್ತೆ ಕೇಳಬೇಡಿ ಎಂದರಂತೆ.

ಮರುದಿನ ನಮ್ಮವರು ಕಟ್ಟಡದ ಹಿಂದಿನ ಬಯಲಿಗೆ ಸುಣ್ಣದ ಗೆರೆ ಎಳೆದು, ಗೇಟಿನಲ್ಲಿ ನಿಂತು ಬಂದವರಿಗೆಲ್ಲ ಒಂದೇ ಪ್ರಶ್ನೆ ಹಾಕತೊಡಗಿದರು: "ಸಾಹೇಬ್ರ, ನೀವು ಎಷ್ಟಕ್ಕ ಹೋಗ್ತೀರಿ?" ಗಿರಣಿಯ ಕಾನೂನು ಅದು. ಯಾರು ದೊಡ್ಡವರು, ಯಾರು ಮೊದಲು ಬಂದರು ಎಂಬುದು ಲೆಕ್ಕಕ್ಕಿಲ್ಲ. ಮೊದಲು ಹೋಗುವವನು ಮುಂದೆ, ಕೊನೆಗೆ ಹೋಗುವವನು ಹಿಂದೆ.

ದಪ್ಪ ದಪ್ಪ ಪುಸ್ತಕ ಬರೆದ ಪ್ರೊಫೆಸರರೊಬ್ಬರು ಎದೆಯುಬ್ಬಿಸಿ "ಐದಕ್ಕ!" ಎಂದರು. ಅವರ ಕಾರು ಎಲ್ಲಕ್ಕಿಂತ ಹಿಂದೆ ಹೋಯಿತು. ಹನ್ನೊಂದೂವರೆಗೆ ಕೈಚೀಲ ಹಿಡಿದು ಬಂದರು.

"ಗಾಡಿ ತಗಸು."

"ಐದಕ್ಕ ಅಂದಿದ್ರಲ್ರಿ? ಮುಂದ ಹತ್ತು ಗಾಡಿ ಅದಾವ."

"ಅದು ಬಾಯಿಮಾತಿಗೆ ಅಂದಿದ್ನೋ ಮಾರಾಯಾ!"

"ನಾ ಬಾಯಿಮಾತಿನ ಮ್ಯಾಲೇ ಗಾಡಿ ನಿಲ್ಸಾಂವ್ರಿ."

ಆ ದಿನ ಅವರು ಬೇರೆ ದಾರಿಯಿಲ್ಲದೆ ಐದರ ತನಕ ಪಾಠ ಮಾಡಿದರು! ಹುಡುಗರು ನನ್ನ ಬಂಡಿಯ ಮುಂದೆ ಬಂದು ಗೋಳಾಡಿದರು: "ಅಜ್ಜೀ, ನಿಮ್ಮ ಕಾಲಿಗೆ ಬೀಳ್ತೀವಿ, ಆ ಸರ್ ಗಾಡಿ ಬಿಡಾಕ ಅಜ್ಜಗ ಹೇಳ್ರಿ!"

ಎರಡನೇ ದಿನದಿಂದ ಎಲ್ಲರೂ ಕಿವಿಯಲ್ಲಿ ನಿಜ ಹೇಳತೊಡಗಿದರು. ಬಯಲಿನ ಗೋಡೆ ಪಕ್ಕದ ಗೇಣು ನೆರಳಿಗೂ ಗಿರಣಿಯದೇ ಕಾನೂನು: ಹಸಿ ಭತ್ತ ಬಿಸಿಲಿಗೆ, ಒಣ ಭತ್ತ ನೆರಳಿಗೆ. ಹೊಸದಾಗಿ ಕೆಲಸಕ್ಕೆ ಸೇರಿದವರ ಗಾಡಿ ಬಿಸಿಲಿಗೆ, ನಿವೃತ್ತಿಗೆ ಬಂದವರದು ನೆರಳಿಗೆ. ಒಬ್ಬ ಮೇಡಮ್ಮು "ನಾ ಇನ್ನೂ ಅಷ್ಟು ಒಣಗಿಲ್ರಿ!" ಎಂದು ಬಿಸಿಲಲ್ಲೇ ನಿಲ್ಲಿಸಿ ಹೋದರು.

ಕೊನೆಗೆ ಕುಲಪತಿಗಳ ಕಾರು ಬಂತು. ಇವರು ಅದಕ್ಕೂ ಕೈ ಅಡ್ಡ ಹಿಡಿದರು.

"ಸಾಹೇಬ್ರ, ಎಷ್ಟಕ್ಕ ಹೋಗ್ತೀರಿ?"

"ನಾನು ಕುಲಪತಿ."

"ಕುಲಪತಿ ಆದ್ರ ಮನಿಗೆ ಹೋಗೂದಿಲ್ಲೇನ್ರಿ?"

ನೌಕರಿ ಹೋಯಿತೆಂದೇ ತಿಳಿದೆ. ಆ ಪುಣ್ಯಾತ್ಮರು ನಕ್ಕು "ಆರಕ್ಕೆ" ಎಂದು ಹಿಂದೆ ಹೋಗಿ ನಿಂತರು. ಕುಲಪತಿಗಳೇ ನಿಂತ ಮೇಲೆ ಉಳಿದವರದೇನು?

ಶನಿವಾರ ಮಧ್ಯಾಹ್ನ ಬೇವಿನ ಮರದ ಬುಡ ಬೋಳಾಗಿತ್ತು. ಒಂದೇ ಒಂದು ಬಂಡಿ ಉಳಿದಿತ್ತು, ನನ್ನದು.

"ನಿನ್ನ ಬಂಡಿ ತಗೀಬೇಕಲ್ಲ," ಎಂದರು.

"ನಾ ಎಷ್ಟಕ್ಕ ಹೋಗ್ತೀನಂತ ಕೇಳೀರೇನು?"

"ಎಷ್ಟಕ್ಕ ಹೋಗ್ತಿ?"

"ಹೋಗೂದೇ ಇಲ್ಲ! ಕೆಳಗ ಒಲಿ, ಮ್ಯಾಲೆ ಬಿಸಲು. ಮಿರ್ಚಿ ಜೋಡಿ ನಾನೂ ಕರದು ಹೋಗ್ಲೇನು?"

ಸೈಕಲ್ ಹಿಡಿದು ಗೇಟಿನ ಕಡೆ ನಡೆದುಬಿಟ್ಟರು. ಕುಲಪತಿಗಳಿಗೆ ಹೆದರದ ಗಂಡಸು!

ಸೋಮವಾರ ಬಸ್ಸು ಒಳಗೆ ಬಂತು! ಕಿಟಕಿ ತುಂಬ ಹುಡುಗಿಯರ ಮುಖ. ಯಲಬುರ್ಗಾ ಕಡೆಯ ಆ ಹುಡುಗಿ ಮುಂದಿನ ಸೀಟಿನಲ್ಲಿ, ಪಕ್ಕದಲ್ಲಿ ಅವಳಪ್ಪ. ನಮ್ಮವರು ಬಸ್ಸಿನ ಮುಂದೆ ಹಿಂದಕ್ಕೆ ಹಿಂದಕ್ಕೆ ನಡೆಯುತ್ತ "ಬರ್ಲಿ, ಬರ್ಲಿ" ಎಂದು ಕೈ ಬೀಸುತ್ತಿದ್ದರು. ನನ್ನ ಬಂಡಿಗೆ ಒಂದು ಮೊಳವಿರುವಾಗ ಬಸ್ಸು ನಿಂತಿತು.

ಡ್ರೈವರ ತಲೆ ಹೊರಗೆ ಹಾಕಿದ. "ಯಜಮಾನ್ರ, ಹೊಳ್ಳೂದಿಲ್ರಿ ಇದು. ಹಿಂದಕ್ಕ ತಗೀತೀನಿ."

ಹಿಂದಕ್ಕೆ ತೆಗೆದರೆ ಮುಗಿಯಿತು. ಹುಡುಗಿಯ ಅಪ್ಪ ಅವಳ ಚೀಲವನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡ. ನಮ್ಮವರು ನನ್ನನ್ನು ನೋಡಿದರು. ಬೀಸುತ್ತಿದ್ದ ಕೈ ಕೆಳಗಿಳಿದಿತ್ತು.

ನನಗೆ ಕರುಣೆ ಬಂತೆಂದು ತಿಳಿಯಬೇಡಿ. ಸಿಟ್ಟು ಬಂತು! ಒಲೆ ಆರಿಸಿ, ಎಣ್ಣೆಯ ಬಾಣಲೆ ಕೆಳಗಿಳಿಸಿ, "ಮಾರಿ ಏನ್ ನೋಡ್ತೀರಿ? ಬಂಡಿ ಹಿಡೀರಿ!" ಎಂದು ಕೂಗಿದೆ. ಇಬ್ಬರೂ ಸೇರಿ ಬಂಡಿಯನ್ನು ಎದುರಿನ ಬಟಾಬಯಲಿಗೆ ನೂಕಿದೆವು. ಬಸ್ಸು ಒಂದೇ ಸುತ್ತಿಗೆ, ಬೆಣ್ಣೆಯಲ್ಲಿ ಚಾಕು ಹೋದಂತೆ ಹೊರಳಿತು! ಹುಡುಗಿಯರು ಕೂಗಿದ್ದೇ ಕೂಗಿದ್ದು! ಅವಳಪ್ಪ ಇಳಿದು, ಚೀಲವನ್ನು ಮಗಳ ಕೈಗೆ ಕೊಟ್ಟು, ನನ್ನ ಹತ್ತಿರ ಎರಡು ಮಿರ್ಚಿ ತಿಂದು, "ಭಾಳ ಖಾರ ಅದಾವು" ಎಂದು ಕಣ್ಣೊರೆಸಿಕೊಂಡು ಅದೇ ಬಸ್ಸಿಗೆ ಒಬ್ಬನೇ ಹೋದ.

ಬಂಡಿ ಮಾತ್ರ ಬಿಸಿಲಿಗೇ ಉಳಿಯಿತು. ಮರುದಿನ ಮೂರು ಗಂಟೆಯ ಇಳಿಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಕಣ್ಣು ಮುಚ್ಚಿಕೊಂಡೇ ಎಣ್ಣೆಗೆ ಮಿರ್ಚಿ ಬಿಡುತ್ತಿದ್ದೆ. ಒಮ್ಮೆಲೇ ಮುಖ ತಣ್ಣಗಾಯಿತು. ಕಣ್ಣು ತೆರೆದರೆ ನಮ್ಮವರು. ಗೇಟಿನ ನೆರಳಲ್ಲಿ ಕುರ್ಚಿ ಬಿಟ್ಟು ಬಂದು, ಬಿಸಿಲಿಗೆ ಬೆನ್ನು ಕೊಟ್ಟು, ನನಗೆ ಅಡ್ಡವಾಗಿ ನಿಂತಿದ್ದರು.

"ಇಲ್ಲೇನ್ ಮಾಡಾಕತ್ತೀರಿ?" ಎಂದು ಗದರಿದೆ.

"ಬಸ್ಸು ಬರೂದೈತಿ," ಎಂದರು ಎತ್ತಲೋ ನೋಡುತ್ತ.

ಬಸ್ಸು ಬರುವುದು ಐದಕ್ಕೆ. ನಾನು ಹೇಳಲಿಲ್ಲ.