ಥರ್ಮಾಸ್ ಬಿಟ್ಟು ಹೊರಟ ಪತ್ತೇದಾರ

ಆ ದಿನದ ಎಲ್ಲ ರಗಳೆಗೂ ಕಾರಣ, ಪೇದೆ ವಿಲ್ಮಾರ್ ಫಗುಂದೆಸ್ ತನ್ನ ಥರ್ಮಾಸನ್ನು ಮನೆಯಲ್ಲೇ ಬಿಟ್ಟು ಹೊರಟದ್ದು. ಪತ್ತೇದಾರರ ಕೈಪಿಡಿಯಲ್ಲಿ ‘ಹಿಂಬಾಲಿಸುವವನ ಎರಡೂ ಕೈ ಖಾಲಿ ಇರತಕ್ಕದ್ದು’ ಎಂದಿತ್ತು. ಅದನ್ನು ಬರೆದ ಪುಣ್ಯಾತ್ಮ ಉರುಗ್ವೆಯ ಗಡಿಯಲ್ಲಿರುವ ರಿವೇರಾ ಊರನ್ನು ಕಂಡವನಲ್ಲ. ಇಲ್ಲಿ ಗಂಡಸು ಅಂಗಿಯಿಲ್ಲದೆ ಬೀದಿಗಿಳಿದರೆ ಸೆಕೆಯಿರಬೇಕು ಎಂದು ಸುಮ್ಮನಾಗುತ್ತಾರೆ. ಕಂಕುಳಲ್ಲಿ ಬಿಸಿನೀರಿನ ಥರ್ಮಾಸ್, ಕೈಯಲ್ಲಿ ಮಾಟೆ ಸೊಪ್ಪಿನ ಕಷಾಯ ಹೀರುವ ಸೋರೆ ಬುರುಡೆ ಇಲ್ಲದೆ ಇಳಿದರೆ ಮನೆಯಲ್ಲಿ ಏನೋ ಎಡವಟ್ಟಾಗಿದೆ ಎಂದೇ ಅರ್ಥ.

ಪತ್ತೇದಾರ ಹುದ್ದೆಯ ಪರೀಕ್ಷೆಯೇನೋ ಸರಳ. ರಾಜಧಾನಿಯಿಂದ ಬಂದ ಹಳದಿ ಟೋಪಿಯ ನಿವೃತ್ತ ಅಧಿಕಾರಿಯನ್ನು ಸಂಜೆ ಐದರವರೆಗೆ ಮಫ್ತಿಯಲ್ಲಿ ಹಿಂಬಾಲಿಸಬೇಕು, ಅವನಿಗೆ ಗೊತ್ತಾಗಬಾರದು. ಹದಿನೇಳು ವರ್ಷ ಗಡಿಯಲ್ಲಿ ಲಾರಿಗಳಿಗೆ ಕೈ ತೋರಿಸಿ ವಿಲ್ಮಾರ್ ಬೇಸತ್ತಿದ್ದ. ಎರಡು ಸಲ ನಪಾಸಾಗಿದ್ದ. ಮುಂದಿನ ತಿಂಗಳು ನಲವತ್ತು ತುಂಬಿದರೆ ಪರೀಕ್ಷೆಗೇ ಸೇರಿಸುವುದಿಲ್ಲ. ಸಾಲದ್ದಕ್ಕೆ, ನೇಮಕದ ಆದೇಶ ಕೈಗೆ ಬರುವವರೆಗೆ ಹೆಂಡತಿ ನಿಲ್ಡಾಳೆದುರೂ ಬಾಯಿ ಬಿಡುವುದಿಲ್ಲ ಎಂದು ರುಜು ಹಾಕಿಕೊಟ್ಟಿದ್ದ.

ಮೊದಲ ತಿರುವಿನಲ್ಲೇ ಔಷಧಿ ಅಂಗಡಿಯವನು ಅವನ ಖಾಲಿ ಕೈ ನೋಡಿ, ಹೊಟ್ಟೆ ಕೆಟ್ಟಿದೆಯೆಂದು ತಾನೇ ತೀರ್ಮಾನಿಸಿ, ಬಲವಂತವಾಗಿ ಮಾತ್ರೆ ನುಂಗಿಸಿದ. ಎರಡನೆಯದರಲ್ಲಿ ಕ್ಷೌರಿಕ ಹೊರಗೋಡಿ ಬಂದು, ಸತ್ತವರು ಯಾರೆಂದು ಕೇಳಿದ. ಹಳದಿ ಟೋಪಿ ಅಷ್ಟರಲ್ಲಿ ಚೌಕ ಸೇರಿತ್ತು. ಏದುಸಿರು ಬಿಡುತ್ತ ಅಲ್ಲಿಗೆ ತಲುಪಿದರೆ ಪಕ್ಕದ ಮನೆಯ ಹಿರಿಯಾಕೆ ಸೆಲ್ಮಿರಾ ತೋಳು ಹಿಡಿದುಕೊಂಡಳು, ಅದೂ ಟೋಪಿಯಿಂದ ನಾಲ್ಕೇ ಹೆಜ್ಜೆ ದೂರದಲ್ಲಿ.

“ಏನಪ್ಪಾ ಇದು, ಥರ್ಮಾಸ್ ಎಲ್ಲಿ? ಇವತ್ತು ನಿನಗೆ ಡ್ಯೂಟಿ—”

“ನಿಲ್ಡಾ ಮನೆಯಿಂದ ಹೊರಗೆ ಹಾಕಿದ್ಲು,” ಎಂದುಬಿಟ್ಟ ವಿಲ್ಮಾರ್. ಬಾಯಿಗೆ ಬಂದದ್ದು ಅದೊಂದೇ.

ಸೆಲ್ಮಿರಾಳ ಮುಖ ಅರಳಿತು. “ನಂಗೆ ಗೊತ್ತಿತ್ತು ಕಣೋ. ಪಾಪ, ಅವಳಾದ್ರೂ ಎಷ್ಟು ದಿನ ಅಂತ ತಡ್ಕೊಳ್ತಾಳೆ,” ಎಂದವಳೇ ಸರಸರನೆ ಹೊರಟುಹೋದಳು.

ಗಂಟೆಯೊಳಗೆ ಊರಿಗೆಲ್ಲ ಸುದ್ದಿ. ಒಬ್ಬಳು ಕರಿದ ರೊಟ್ಟಿ ತಂದುಕೊಟ್ಟಳು. ಕುದುರೆ ಜೀನು ಹೊಲಿಯುವವನು ತನ್ನ ಅಂಗಡಿಯ ಅಟ್ಟದಲ್ಲಿ ಮಲಗಲು ಜಾಗವಿದೆ ಎಂದ. ವಿಲ್ಮಾರ್‌ಗೆ ಮೈಯೆಲ್ಲ ಉರಿಯುತ್ತಿತ್ತು, ಆದರೂ ಎಲ್ಲರಿಗೂ ಹೌದು ಹೌದು ಎಂದು ತಲೆಯಾಡಿಸಿದ.

ಆ ಚೌಕದ ಅರ್ಧ ಉರುಗ್ವೆ, ಇನ್ನರ್ಧ ಬ್ರೆಜಿಲ್. ಟೋಪಿಯವನು ಹೋಗಿ ಬ್ರೆಜಿಲ್‌ನ ಬೆಂಚಿನ ಮೇಲೆ ಕುಳಿತ. ಪೇದೆ ಕೆಲಸದ ಮೇಲಿದ್ದಾಗ ಗೆರೆ ದಾಟುವಂತಿಲ್ಲವಾದ್ದರಿಂದ ವಿಲ್ಮಾರ್ ಈಚೆಯ ಬೆಂಚಿನಲ್ಲಿ ಕುಕ್ಕರಿಸಿದ. ಟೋಪಿಯವನು ಕನಿಕರದಿಂದ ನೋಡಿ, ಗೆರೆಯಾಚೆಯಿಂದಲೇ ತನ್ನ ಮಾಟೆ ಬುರುಡೆ ಚಾಚಿದ. ಬೇಡವೆಂದರೆ ಅವಮಾನ. ಕುಡಿದು ‘ಧನ್ಯವಾದ’ ಎಂದರೆ ಸಾಕು ಎಂದರ್ಥ, ಮತ್ತೆ ಅಲ್ಲಿ ಕೂರಲು ನೆಪವಿಲ್ಲ. ಹಾಗಾಗಿ ವಿಲ್ಮಾರ್ ಬಾಯಿ ಹೊಲಿದುಕೊಂಡು ಐದು ಗಂಟೆಯವರೆಗೆ ಕುಡಿಯುತ್ತಲೇ ಹೋದ. ಮಧ್ಯೆ ಮಧ್ಯೆ ಹೆಂಡತಿಯನ್ನು ಹೇಗೆ ಒಲಿಸಿಕೊಳ್ಳಬೇಕೆಂಬ ಟೋಪಿಯವನ ಉಪದೇಶ ಬೇರೆ.

ಐದೂವರೆಗೆ ಇನ್ಸ್‌ಪೆಕ್ಟರರ ಕೋಣೆಯಲ್ಲಿ ಆ ಅಧಿಕಾರಿಯ ವರದಿ ಕಾದಿತ್ತು: ‘ಇಡೀ ದಿನ ಯಾರೂ ನನ್ನನ್ನು ಹಿಂಬಾಲಿಸಲಿಲ್ಲ. ಹೆಂಡತಿ ಹೊರಗೆ ಹಾಕಿದ ಒಬ್ಬ ಬಡಪಾಯಿ ಮಾತ್ರ ಜೊತೆಗಿದ್ದ.’

ಇನ್ಸ್‌ಪೆಕ್ಟರರು ಎದ್ದು ನಿಂತು ಕೈ ಕುಲುಕಿದರು. “ಪಾಸಾದೆ ಕಣಯ್ಯಾ. ಆದೇಶ ಬರೋಕೆ ಮೂರು ತಿಂಗಳು ಬೇಕು. ಅಲ್ಲೀವರೆಗೆ ಬಾಯಿ ಬಿಟ್ಟರೆ ಎಲ್ಲ ರದ್ದು, ನೆನಪಿರಲಿ.”

ವಿಲ್ಮಾರ್ ಹಾರುತ್ತ ಮನೆಗೆ ಬಂದ. ಬಾಗಿಲು ಹಾಕಿತ್ತು. ಮೆಟ್ಟಿಲ ಮೇಲೆ ಅವನ ಬಟ್ಟೆಯ ಪೆಟ್ಟಿಗೆ, ಅದರ ಮೇಲೆ ಥರ್ಮಾಸ್. ಸೆಲ್ಮಿರಾ ತನ್ನ ಕಿಟಕಿಗೆ ಕುರ್ಚಿ ಎಳೆದುಕೊಂಡು ಕುಳಿತಿದ್ದಳು.

“ನಿಲ್ಡಾ, ಬಾಗಿಲು ತೆಗಿ. ಏನಾಯ್ತು ಅಂದ್ರೆ...” ಎಂದವನಿಗೆ ತಾನು ಹಾಕಿಕೊಟ್ಟ ರುಜು ನೆನಪಾಯಿತು.

ಒಳಗಿನಿಂದ ನಿಲ್ಡಾಳ ದನಿ ತಣ್ಣಗೆ ಬಂತು. “ಏನಾಯ್ತು, ಹೇಳು.”

ವಿಲ್ಮಾರ್ ಪೆಟ್ಟಿಗೆಯ ಮೇಲಿನ ಥರ್ಮಾಸ್ ಎತ್ತಿ ಕಂಕುಳಿಗೆ ಸಿಕ್ಕಿಸಿಕೊಂಡ.

“ಹೊರಗೆ ಹಾಕಿದ್ದೀನಿ ಅಂತ ಊರೆಲ್ಲ ಸಾರ್ಕೊಂಡು ಬಂದಿದ್ದೀಯಲ್ಲ,” ಎಂದಳು ಅವಳು. “ನನ್ನ ಗಂಡ ಸುಳ್ಳುಗಾರ ಅನ್ನಿಸ್ಕೋಬಾರ್ದು ನೋಡು.”