ಚಪ್ಪಲಿಗೊಂದು ಜೊತೆ ಕಾಲು

ಇದು ನಾನು ಹೆಣೆದ ಕತೆಯಲ್ಲ. ಹೆಣೆದವಳು ಅತ್ತಿಗೆ, ಅದೂ ಉಣ್ಣೆಯಲ್ಲಿ. ಉಳಿದದ್ದೆಲ್ಲ ನಡೆದದ್ದೇ, ಅದೂ ಸ್ವಂತ ಕಾಲಿನ ಮೇಲೆ.

ಕಟ್ಟಡದವರೆಲ್ಲ ಅತ್ತಿಗೆ ಎಂದೇ ಕರೆಯುವ ಆಕೆ, ಬೆರಳೂ ಹಿಮ್ಮಡಿಯೂ ಕಾಣುವಂಥ ಉಣ್ಣೆ ಚಪ್ಪಲಿ ಹೆಣೆದು ವೆಬ್‌ಸೈಟಿನಲ್ಲಿ ಮಾರಲು ಇಟ್ಟಿದ್ದಳು. ಕೆಲಸ ನೋಡಿದರೆ ಕೈ ಮುಗಿಯಬೇಕು, ಅಷ್ಟು ಅಚ್ಚುಕಟ್ಟು. ಆದರೂ ಮೂರು ತಿಂಗಳಲ್ಲಿ ಒಂದು ಜೊತೆಯೂ ಹೋಗಿರಲಿಲ್ಲ. ತಪ್ಪೆಲ್ಲ ಗಂಡ ಟ್ಯೂಬ್‌ಲೈಟಿನ ಕೆಳಗೆ ತೆಗೆದ ಫೋಟೋದ್ದು. ಅದರಲ್ಲಿ ಚಪ್ಪಲಿಗಳು ಮಳೆಯಲ್ಲಿ ತೊಯ್ದು ಮೂಲೆ ಸೇರಿದ ಎರಡು ಬೆಕ್ಕಿನ ಮರಿಗಳಂತಿದ್ದವು.

ಆ ದಿನ ಬೆಳಿಗ್ಗೆ ಊರಿನ ದೊಡ್ಡ ಅಂಗಡಿಯ ಒಡತಿ ಫೋನ್ ಮಾಡಿದಳು. "ಮಧ್ಯಾಹ್ನ ನಿಮ್ಮ ವೆಬ್‌ಸೈಟ್ ನೋಡ್ತೀನಿ. ಹಿಡಿಸಿದ್ರೆ ನಮ್ಮಲ್ಲಿ ಒಂದು ಕಪಾಟು ಪೂರ್ತಿ ನಿಮಗೇ."

ಅತ್ತಿಗೆ ಮೆಟ್ಟಿಲು ಹಾರಿ, ಕೆಳಗಿನ ಫೋಟೋ ಸ್ಟುಡಿಯೋದವನನ್ನು ಹಿಡಿದೆಳೆದು ತಂದಳು.

ಅವನು ಟ್ಯೂಬ್‌ಲೈಟ್ ಆರಿಸಿದ, ಅಡುಗೆಮನೆಯ ಕಿಟಕಿ ತೆರೆದ, ಬಿಳಿ ಹೊದಿಕೆ ಹಾಸಿ, ಬೆಳಕು ಮರಳಿ ಬೀಳಲೆಂದು ಎದುರಿಗೊಂದು ಥರ್ಮಾಕೋಲ್ ಹಲಗೆ ನಿಲ್ಲಿಸಿದ. ಬೆಕ್ಕಿನ ಮರಿಗಳು ಮೈ ಒಣಗಿಸಿಕೊಂಡು ಎದ್ದು ಕೂತವು! ಆದರೂ ಅವನಿಗೆ ಸಮಾಧಾನವಿಲ್ಲ.

"ಬೆಳಕೇನೋ ಬಂತು ಅತ್ತಿಗೆ, ಜೀವ ಬರ್ಲಿಲ್ಲ. ಖಾಲಿ ಚಪ್ಪಲಿ ಯಾರೋ ಮರೆತು ಹೋದ ಹಾಗೆ ಕಾಣುತ್ತೆ. ಒಂದು ಜೊತೆ ಒಳ್ಳೆ ಕಾಲು ಬೇಕು. ಹನ್ನೊಂದಕ್ಕೆ ಈ ಬಿಸಿಲು ಓಡಿಹೋಗುತ್ತೆ, ಬೇಗ!"

ಅತ್ತಿಗೆ ತನ್ನ ಕಾಲನ್ನೇ ಚಾಚಿದಳು. ಅವನು ಹಿಮ್ಮಡಿಯ ಬಿರುಕು ನೋಡಿ, "ಜನ ಇದನ್ನ ಭೂಕಂಪದ ಸುದ್ದಿ ಅಂದ್ಕೋತಾರೆ" ಎಂದ. ಗಂಡ ಪ್ಯಾಂಟು ಮಡಚಿದ. "ಬೇಡ ಅಣ್ಣಾ, ಉಣ್ಣೆ ಎಲ್ಲಿ ಮುಗೀತು, ನೀವೆಲ್ಲಿ ಶುರುವಾದ್ರಿ ಅಂತ ಗೊತ್ತಾಗ್ತಿಲ್ಲ." ಅಷ್ಟರಲ್ಲಿ ಎದುರುಮನೆ ಆಂಟಿ, "ಪಕ್ಕಕ್ಕೆ ಸರೀರಿ ಎಲ್ಲಾ, ನನ್ನ ಕಾಲು ನೋಡೇ ನಮ್ಮನೆಯವರು ಮದುವೆಗೆ ಒಪ್ಪಿದ್ದು" ಎಂದು ಒಂದು ಚಪ್ಪಲಿಗೆ ಕಾಲು ತುರುಕಿದರು. ಚಪ್ಪಲಿ 'ಚರ್' ಎಂದಿತು.

"ಏನಿದು ಸಂತೆ?"

ಬಾಗಿಲಲ್ಲಿ ಮೇಲಿನ ಮನೆಯ ನಿವೃತ್ತ ಹೆಡ್‌ಮಾಸ್ಟರು! ಅವರ ಬೂಟಿನ ಸದ್ದಿಗೇ ಕಟ್ಟಡ ಉಸಿರು ಬಿಗಿಹಿಡಿಯುತ್ತಿತ್ತು. ಬೂಟಿಲ್ಲದೆ ಅವರನ್ನು ಕಂಡವರಿಲ್ಲ.

"ಸರ್, ಬಿಳಿ ಹೊದಿಕೆ ಹಾಸಿದೆ... ಬೂಟು ಸ್ವಲ್ಪ..." ಎಂದು ಅತ್ತಿಗೆ ತೊದಲಿದಳು.

ಗೊಣಗುತ್ತಲೇ ಅವರು ಬೂಟು ಬಿಚ್ಚಿದರು, ಕಾಲುಚೀಲ ಎಳೆದರು. ನಲವತ್ತು ವರ್ಷ ಬಿಸಿಲು ಕಾಣದ ಆ ಪಾದಗಳು ಆಗತಾನೆ ತೊಟ್ಟಿಲಿನಿಂದ ಇಳಿದಂತಿದ್ದವು. ಹತ್ತು ಬೆರಳೂ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದವು.

"ಸರ್, ಇವನ್ನ ಇಷ್ಟು ದಿನ ಎಲ್ಲಿಟ್ಟಿದ್ರಿ?" ಸ್ಟುಡಿಯೋದವನು ಕ್ಯಾಮೆರಾ ಹಿಡಿದು ಮಂಡಿಯೂರಿದ.

"ಬೂಟಲ್ಲಿ."

ಅತ್ತಿಗೆ ಸೀದಾ ಕಾಲಿಗೆ ಬಿದ್ದಳು. ಎದ್ದಾಗ ಹೊಸ ಜೊತೆ ತೊಡಿಸಿಯೂ ಆಗಿತ್ತು. ಹೆಡ್‌ಮಾಸ್ಟರು ಕಿವಿಯವರೆಗೆ ಕೆಂಪಾಗಿ, "ಮುಖ ಮಾತ್ರ ಬೇಡಪ್ಪ, ಶಿಷ್ಯರು ನೋಡ್ತಾರೆ" ಎಂದರು.

ಫೋಟೋ ವೆಬ್‌ಸೈಟಿಗೆ ಏರಿತು. ಎರಡು ಗಂಟೆಗೆ ಒಡತಿಯ ಫೋನ್ ಬಂದಾಗ ಹೆಡ್‌ಮಾಸ್ಟರು ಇನ್ನೂ ಅಲ್ಲೇ ಕೂತು ತಮ್ಮ ಕಾಲಿನ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿ ಹಿಗ್ಗುತ್ತಿದ್ದರು. ಅತ್ತಿಗೆ ಸ್ಪೀಕರ್ ಹಾಕಿದಳು.

"ಫೋಟೋ ಅದ್ಭುತವಾಗಿದೆ. ತೊಂದರೆ ಆಗಿರೋದೇ ಅದ್ರಿಂದ. ಇಂಥ ಕಾಲು ಭೂಮಿ ಮೇಲೆಲ್ಲಿದೆ? ಕಂಪ್ಯೂಟರಲ್ಲಿ ಮಾಡಿಸಿದ್ದೀರಿ. ಕಾಲೇ ಸುಳ್ಳು ಅಂದ್ಮೇಲೆ ಚಪ್ಪಲಿ ನಿಜ ಅಂತ ಹೇಗೆ ನಂಬ್ಲಿ?"

"ಸುಳ್ಳಾ?" ಹೆಡ್‌ಮಾಸ್ಟರು ಗುಡುಗಿದರು. "ಅರವತ್ತೆಂಟು ವರ್ಷದಿಂದ ಇದರ ಮೇಲೇ ನಿಂತಿದ್ದೀನಮ್ಮಾ ನಾನು!"

ಗುಡುಗಿದವರೇ ಚಪ್ಪಲಿಯಲ್ಲೇ ಆಟೋ ಹತ್ತಿ, ಸಾಕ್ಷಿ ಹೇಳಲು ಹೊರಟೇಬಿಟ್ಟರು. ಅತ್ತಿಗೆ ಕಿಟಕಿಗೂ ಬಾಗಿಲಿಗೂ ಎಷ್ಟು ಸಲ ನಡೆದಳೋ, ಲೆಕ್ಕವಿಲ್ಲ. ಆ ಕಪಾಟೊಂದು ಸಿಕ್ಕರೆ ಸಾಕು!

ಐದಕ್ಕೆ ಅವರು ಮರಳಿದರು. ಬರಿಗಾಲು, ಚಪ್ಪಲಿ ಕೈಯಲ್ಲಿ.

"ಒಪ್ಪಿದ್ರಮ್ಮಾ!"

"ಚಪ್ಪಲೀನಾ ಸರ್?"

"ಕಾಲನ್ನ." ಹೆಡ್‌ಮಾಸ್ಟರು ತಲೆ ತಗ್ಗಿಸಿದರು. "ಅವರದೊಂದು ಪಾದದ ಕ್ರೀಮ್ ಇದೆಯಂತೆ. ನಿನಗೆ ಅಂದಿದ್ದ ಕಪಾಟಿನ ತುಂಬ ಅದೇ, ಮೇಲೆ ನನ್ನ ಕಾಲಿನ ಫೋಟೋ. ಇಂಥ ಪಾದ ಮುಚ್ಚೋಕೆ ನಿನಗೆ ಮನಸ್ಸಾದ್ರೂ ಹೇಗೆ ಬಂತು ಅಂತ ಕೇಳಿದ್ರು. ಇನ್ಮೇಲೆ ಉಣ್ಣೆ ಸೋಕಿಸ್ಲೂಬಾರ್ದಂತೆ."

ಗಂಡ ಗೋಡೆ ನೋಡಿದ. ಆಂಟಿ ಸೆರಗು ಬಾಯಿಗಿಟ್ಟುಕೊಂಡರು. ಅತ್ತಿಗೆಯ ತುಟಿ ಅದುರಿತು. ಅಳು ಬಂತೆಂದು ಎಲ್ಲರೂ ಹೆದರುವಷ್ಟರಲ್ಲಿ ಆಕೆ ಹೊಟ್ಟೆ ಹಿಡಿದು ಬಿಳಿ ಹೊದಿಕೆಯ ಮೇಲೆ ಉರುಳಿ, ಮೂರು ಮಹಡಿಗೂ ಕೇಳುವಂತೆ ನಗತೊಡಗಿದಳು.

"ಯಾಕಮ್ಮಾ ನಗ್ತೀಯ?"

"ಮೂರು ತಿಂಗಳಾಯ್ತು ಸರ್ ನಾನು ಅಂಗಡಿ ತೆರೆದು!" ಅತ್ತಿಗೆ ಕಣ್ಣೊರೆಸಿಕೊಂಡಳು. "ಇವತ್ತು ಮೊದಲನೇ ವ್ಯಾಪಾರ ಆಯ್ತು. ಅದೂ ಹೋಗಿದ್ದು ನಿಮ್ಮ ಮಾಲು!"